ದ್ಯಾವಿಯ ಮೂರನೇ ಬಾಣ

ಬಹಳ ಹಿಂದೆ, ನೆಲಕ್ಕಿಂತ ನೀರೇ ಹೆಚ್ಚಿದ್ದ ಒಂದು ರಾಜ್ಯವಿತ್ತು. ಅದಕ್ಕೆ ಜೊಂಡಿನನಾಡು ಎಂದು ಹೆಸರು. ಎತ್ತ ನೋಡಿದರೂ ಆಳೆತ್ತರದ ಜೊಂಡುಹುಲ್ಲು, ಅದರ ಬುಡದಲ್ಲಿ ಮೊಣಕಾಲುದ್ದ ಕೆಸರು, ಮೇಲೆ ಮಂಜು. ಒಬ್ಬ ರಾಜನೂ ಇದ್ದ. ಅವನು ಹೆಚ್ಚಾಗಿ ಮಲಗಿರುತ್ತಿದ್ದ.

ಆ ನಾಡಿನವರು ಬಿಲ್ಲು ಹಿಡಿದು ಚುಕ್ಕೆಜಿಂಕೆ ಬೇಟೆಯಾಡಿ ಬದುಕುತ್ತಿದ್ದರು. ಅವರಿಗೊಂದು ಕಟ್ಟಳೆ ಇತ್ತು. ಬಾಣ ಬಿಡುವ ಮೊದಲು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಒಮ್ಮೆ ‘ಟೊಕ್’ ಎನ್ನಿಸಬೇಕು. ಜಿಂಕೆ ತಲೆಯೆತ್ತಿ ಅಲುಗದೆ ನಿಲ್ಲುತ್ತದೆ. ನಿಂತ ಜಿಂಕೆಗೆ ಬಾಣ ಸರಿಯಾಗಿ ನಾಟುತ್ತದೆ, ಅದು ಅರೆಜೀವವಾಗಿ ಕೆಸರಿನಲ್ಲಿ ನರಳುವುದಿಲ್ಲ. ಜೋರಾಗಿ ಕೂಗಿದರೆ ಬೇಟೆ ಬೆದರುತ್ತದೆಂದು ತಾಯಂದಿರು ಕೂಡ ಮಕ್ಕಳನ್ನು ಊಟಕ್ಕೆ ಕರೆಯುವಾಗ ಇದೇ ಸದ್ದು ಮಾಡುತ್ತಿದ್ದರು.

ಅಲ್ಲಿ ದ್ಯಾವಿ ಎಂಬ ಬೇಟೆಗಾರ್ತಿ ಇದ್ದಳು. ಗಂಡ ತೀರಿಹೋಗಿದ್ದ, ಐದು ವರ್ಷದ ಮಗ ಬೊಮ್ಮನೊಬ್ಬನೇ ಜೊತೆ. ಬಿಲ್ಲಿನಲ್ಲಿ ಅವಳ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಒಂದು ಬೆಳಗ್ಗೆ ಬೊಮ್ಮ ಗಂಜಿ ಬೇಡವೆಂದು ಹಟ ಹಿಡಿದ. ಬಟ್ಟಲು ತಳ್ಳಿದ, ಚೆಲ್ಲಿದ. ದ್ಯಾವಿಗೆ ರೇಗಿತು.

“ಹೋಗು, ಆ ಮಂಜುಗಣ್ಣನ ಮನೆಗೇ ಹೋಗಿ ಉಣ್ಣು” ಅಂದುಬಿಟ್ಟಳು.

ಮಂಜುಗಣ್ಣ ಎಂದರೆ ಜೌಗಿನ ನಡುವೆ ಇದ್ದ ಮಾಂತ್ರಿಕ. ತಾಯಿಯ ಬಾಯಿಂದ ಈ ಮಾತು ಬಂದರೆ ಸಾಕು, ಮಗು ಅವನ ಪಾಲು. ಎಲ್ಲ ತಾಯಂದಿರೂ ಒಂದಲ್ಲ ಒಂದು ದಿನ ಹೀಗೆ ಅನ್ನುತ್ತಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲಿಂದ ಮಂಜು ಒಳಗೆ ಬಂತು. ಮಂಜು ಹೊರಟಾಗ ಬೊಮ್ಮ ಇರಲಿಲ್ಲ. ಬಟ್ಟಲು ಮಾತ್ರ ಇತ್ತು.

ದ್ಯಾವಿ ಅರಮನೆಗೆ ಓಡಿದಳು. ರಾಜ ಅರ್ಧ ಕಣ್ಣು ತೆರೆದು, ವಿಚಾರಿಸೋಣ ಎಂದು ಮಗ್ಗುಲು ಬದಲಿಸಿದ. ಅವಳು ಬಿಲ್ಲು ತೆಗೆದುಕೊಂಡು ತಾನೇ ಜೌಗಿಗೆ ಇಳಿದಳು.

ಮಂಜುಗಣ್ಣ ಉದ್ದನೆಯ ಟೋಪಿ ಹಾಕಿಕೊಂಡು ತೇರಿನಲ್ಲಿ ಕೂತಿದ್ದ. ಆ ತೇರನ್ನು ಚುಕ್ಕೆಜಿಂಕೆಗಳು ಎಳೆಯುತ್ತಿದ್ದವು, ಅವುಗಳ ಗೊರಸು ಕೆಸರಿನಲ್ಲಿ ಹೂತುಹೋಗುತ್ತಿರಲಿಲ್ಲ. ಅವನು ಮೂರು ಬಾಣ ಕೊಟ್ಟ. ಜೌಗಿನಲ್ಲಿ ಮೂರು ಜಿಂಕೆ ತನಗೆ ಕಾಟ ಕೊಡುತ್ತಿವೆ, ಅವುಗಳಿಗೆ ಬಾಣ ಹೊಡೆದರೆ ಮಗನನ್ನು ಬಿಡುತ್ತೇನೆ ಎಂದ.

ದ್ಯಾವಿ ಜೊಂಡಿನ ಅರಳೆ ಹಾರಿಸಿ ಗಾಳಿ ನೋಡಿದಳು. ಗಾಳಿಗೆ ಎದುರಾಗಿ, ಸೊಂಟದವರೆಗೆ ನೀರಿನಲ್ಲಿ ನಡೆದಳು. ಮೊದಲನೇ ಜಿಂಕೆ ಕಂಡಿತು. ಟೊಕ್ ಅಂದಳು. ಜಿಂಕೆ ಕಿವಿ ಕೂಡ ಎತ್ತಲಿಲ್ಲ. ಬಾಣ ಬಿಟ್ಟಳು. ಅದು ಕುಸಿದು ಕೆಸರಿನ ಗುಡ್ಡೆಯಾಯಿತು.

ಮತ್ತೆ ಗಾಳಿ ನೋಡಿದಳು, ಮತ್ತೆ ನಡೆದಳು. ಎರಡನೇ ಜಿಂಕೆ ಕಂಡಿತು. ಟೊಕ್ ಅಂದಳು. ಅದೂ ಕಿವಿ ಎತ್ತಲಿಲ್ಲ. ಬಾಣ ಅದರ ಮೈ ದಾಟಿ ಹೋಯಿತು, ಜಿಂಕೆ ಮಂಜಾಗಿ ಚದುರಿತು.

ಮಂಜುಗಣ್ಣ ಹಿಂದಿನಿಂದ ತೇರು ತಂದು, ಸುಮ್ಮನೆ ಯಾಕೆ ಆ ಸದ್ದು, ಹೊತ್ತು ಮುಳುಗುತ್ತಿದೆ, ಕಂಡ ಕೂಡಲೇ ಹೊಡಿ ಎಂದ.

“ನಿನ್ನ ಮಾಯೆ ನೀನು ಮಾಡು. ನನ್ನ ಬೇಟೆ ನಾನು ಮಾಡ್ತೀನಿ” ಅಂದಳು ದ್ಯಾವಿ.

ಮೂರನೇ ಜಿಂಕೆ ಎಳೆಯದು. ಮೈ ತುಂಬ ಚುಕ್ಕೆ, ಒಂಟಿಯಾಗಿ ಹುಲ್ಲು ಮೇಯುತ್ತಿತ್ತು. ದ್ಯಾವಿ ಹೆದೆ ಎಳೆದಳು. ಕೈ ಸೋತಿತ್ತು, ಮಗನ ಮುಖ ಕಣ್ಣಿಗೆ ಕಟ್ಟಿತ್ತು. ಆದರೂ ಕಟ್ಟಳೆ ಬಿಡಲಿಲ್ಲ. ಟೊಕ್ ಅಂದಳು.

ಜಿಂಕೆ ತಲೆ ಎತ್ತಿತು. ನಿಲ್ಲಲಿಲ್ಲ, ಓಡಿಹೋಗಲೂ ಇಲ್ಲ. ನೇರ ಅವಳ ಕಡೆಗೇ ಬಂತು. ಬಂದು, ಎಳೆದ ಬಿಲ್ಲಿನ ಕೆಳಗೆ ನುಸುಳಿ, ಅವಳ ಕಂಕುಳಲ್ಲಿ ಮೂತಿ ಹುದುಗಿಸಿತು. ಬೈಸಿಕೊಂಡಾಗಲೆಲ್ಲ ಬೊಮ್ಮ ಮುಖ ಬಚ್ಚಿಡುತ್ತಿದ್ದ ಜಾಗ ಅದು.

ದ್ಯಾವಿ ಮೆಲ್ಲಗೆ ಹೆದೆ ಸಡಿಲಿಸಿದಳು. ಅದರ ಒದ್ದೆ ಕಿವಿಯನ್ನು ಸೆರಗಿನಿಂದ ಒರೆಸಿದಳು.

“ಏನಾದ್ರೂ ಉಂಡ್ಯೇನೋ ಮಗನೇ” ಅಂದಳು.

ಮಂಜುಗಣ್ಣ ಜಿಂಕೆ ಮಾಡಿದ ಮಗು ತಾಯಿಯ ಬಾಣ ತಗುಲಿದರೆ ಸಾಯುವುದಿಲ್ಲ, ಆದರೆ ಅವನು ಬದುಕಿರುವವರೆಗೆ ಮತ್ತೆ ಮನುಷ್ಯನಾಗುವುದಿಲ್ಲ. ಅವನ ತೇರಿಗೆ ಜಿಂಕೆ ಸಿಗುತ್ತಿದ್ದದ್ದೇ ಹಾಗೆ. ಈಗ ಅವನು ಸಿಟ್ಟಿನಿಂದ ತೇರು ನುಗ್ಗಿಸಿಕೊಂಡು ಬಂದ. ಬಾಣ ಬಿಡು, ಇಲ್ಲವೆಂದರೆ ಇಬ್ಬರನ್ನೂ ತುಳಿಸುತ್ತೇನೆ ಎಂದು ಅಬ್ಬರಿಸಿದ.

ದ್ಯಾವಿ ತೇರಿನ ಜಿಂಕೆಗಳನ್ನು ನೋಡಿದಳು. ಒಂದೊಂದೂ ಯಾವುದೋ ಮನೆಯಲ್ಲಿ ಗಂಜಿ ಬಿಟ್ಟು ಬಂದದ್ದು. ಅವಳು ಮೂರನೇ ಬಾಣವನ್ನು ಬತ್ತಳಿಕೆಗೆ ಹಾಕಿದಳು. ತುಟಿ ಒರೆಸಿಕೊಂಡು, ಜೌಗೆಲ್ಲ ಕೇಳುವಂತೆ ಟೊಕ್ ಅಂದಳು.

ಎಲ್ಲ ಜಿಂಕೆಗಳೂ ಊಟಕ್ಕೆ ಕರೆದರೆಂದು ಒಮ್ಮೆಲೇ ಅವಳತ್ತ ಜಿಗಿದವು. ನೊಗ ಮುರಿಯಿತು, ತೇರು ಮಗುಚಿತು. ಮಂಜುಗಣ್ಣ ಜೌಗಿನ ನಡುವಿನ ಆಳದ ಕೆಸರಿಗೆ ಬಿದ್ದ. ಎಷ್ಟೋ ವರ್ಷದಿಂದ ನೆಲಕ್ಕೆ ಕಾಲಿಡದ ಅವನಿಗೆ ಕೆಸರಿನಲ್ಲಿ ನಡೆಯಲು ಬರುತ್ತಿರಲಿಲ್ಲ. ಟೋಪಿಯವರೆಗೂ ಮುಳುಗಿದ, ಆಮೇಲೆ ಟೋಪಿಯೂ ಮುಳುಗಿತು.

ಮಂಜು ಹರಿಯಿತು. ಜಿಂಕೆಗಳಿದ್ದ ಕಡೆ ಮೈತುಂಬ ಕೆಸರಾದ ಮಕ್ಕಳು ನಿಂತಿದ್ದರು. ದ್ಯಾವಿಯ ಕಂಕುಳಿಂದ ಬೊಮ್ಮ ಮುಖ ಹೊರಗೆ ಹಾಕಿದ.

“ಅವ್ವಾ, ಅವರ ಮನೇಲಿ ಬರೀ ಹುಲ್ಲು” ಅಂದ.

ಆ ಸಂಜೆ ಪ್ರತಿ ಮನೆಯಲ್ಲೂ ಗಂಜಿ ಬೆಂದಿತು. ರಾಜ ಎದ್ದು ಬಂದು ದ್ಯಾವಿಗೆ ಏನು ಬಹುಮಾನ ಬೇಕೆಂದು ಕೇಳಿದ. ಮೊದಲು ನೀವು ಪೂರ್ತಿ ಎಚ್ಚರವಾಗಿ ಬನ್ನಿ, ಆಮೇಲೆ ಹೇಳುತ್ತೇನೆ ಎಂದಳು. ಅವನು ಮತ್ತೆ ಮಲಗಲಿಲ್ಲ, ನಾಡಿಗೆ ಅಷ್ಟೇ ಸಾಕಾಯಿತು.

ಅಂದಿನಿಂದ ಜೊಂಡಿನನಾಡಿನಲ್ಲಿ ಎಲ್ಲರೂ ಸುಖವಾಗಿದ್ದಾರೆ. ಮಕ್ಕಳು ಈಗಲೂ ಗಂಜಿ ಚೆಲ್ಲುತ್ತಾರೆ. ತಾಯಂದಿರು ಈಗಲೂ ಬೈಯುತ್ತಾರೆ. ಆದರೆ ಯಾರೂ ಹೋಗು ಎನ್ನುವುದಿಲ್ಲ. ನೆಲ ಒರೆಸಿ, ಬಟ್ಟಲು ತುಂಬಿ, ಮತ್ತೊಮ್ಮೆ ಟೊಕ್ ಎನ್ನುತ್ತಾರೆ.