ತಿರುಗಿದರೂ ತಂಪಾಗದ ಫ್ಯಾನು

ಫ್ಯಾನು ತಿರುಗುತ್ತಲೇ ಇತ್ತು — ಎಂಜಿನ್ನು ಕುದಿಯುತ್ತಲೇ ಇತ್ತು! ಅಹಮದಾಬಾದಿನ ಬೋಪಾಲ್ ಸಿಗ್ನಲ್ಲಿನಲ್ಲಿ ಹಾಲಪ್ಪನವರ ಹಳೆಯ ಅಂಬಾಸಿಡರ್ ಹಬೆ ಕಾರುತ್ತ ನಿಂತುಬಿಟ್ಟಿತು. ಪಕ್ಕದಲ್ಲಿದ್ದ ಹೆಂಡತಿ ರತ್ನಮ್ಮ ಚೀರುತ್ತ ಕೆಳಗೆ ಹಾರಿದರು.

ಮೂರೇ ದಿನಕ್ಕೆ ಅಪರಾಧಿಯೂ ತೀರ್ಮಾನವಾದ. ಯಾರು ಅಂತೀರಿ? ವಡೋದರದ ಮಕರಪುರದಲ್ಲಿ ಗ್ಯಾರೇಜು ಇಟ್ಟಿರುವ ಧಾರವಾಡ ಕಡೆಯ ಗಿರಿಧರ. ಬೆಲ್ಟಿನ ಹಳೆಯ ಫ್ಯಾನು ಬಿಚ್ಚಿ ಎಲೆಕ್ಟ್ರಿಕ್ ಫ್ಯಾನು ಕೂರಿಸಿದವನು ಅವನೇ ತಾನೆ!

ಹಾಲಪ್ಪನವರು ವಡೋದರದ ಪಕ್ಕದ ಕೊಯಾಲಿಯ ಟೌನ್‌ಶಿಪ್ ನಿವಾಸಿಗಳ ಸಂಘದ ಕಾರ್ಯದರ್ಶಿ. ಗಿರಿಧರನ ಗೇಟ್ ಪಾಸ್ ರದ್ದು ಮಾಡುವ ಪತ್ರ ಬರೆದಾಗಿತ್ತು. ಸಂಜೆಯ ಸಭೆಯಲ್ಲಿ ಓದುವುದಷ್ಟೇ ಬಾಕಿ. ಅವನ ಗಿರಾಕಿಗಳೆಲ್ಲ ಆ ಗೇಟಿನ ಒಳಗಿನವರು. ಪಾಸ್ ಹೋಯಿತೆಂದರೆ ಗ್ಯಾರೇಜಿಗೆ ಬೀಗವೇ ಸರಿ. ಅಂಗಳದಲ್ಲಿ ನಿಂತ ಕಾರಿನ ಹತ್ತಿರಕ್ಕೂ ಅವನನ್ನು ಬಿಟ್ಟಿರಲಿಲ್ಲ.

ತಜ್ಞರ ಮಾತೂ ಇರಲಿ ಎಂದು ಹಾಲಪ್ಪನವರೇ ಕಮಲಾಕ್ಷಿಯವರನ್ನು ಕರೆಸಿದ್ದರು. ವಿಮಾ ಕಂಪನಿಗಾಗಿ ಮೂವತ್ತು ವರ್ಷ ಕೆಟ್ಟ ಕಾರುಗಳ ತಪಾಸಣೆ ಮಾಡಿ ನಿವೃತ್ತರಾದ ಮೈಸೂರಿನ ಹೆಂಗಸು.

“ಈ ಫ್ಯಾನ್ ಆಯ್ಕೆ ಮಾಡಿದ್ದು ಯಾರು?” ಎಂದು ಕೇಳಿದರು ಕಮಲಾಕ್ಷಿ.

“ನಾನ ರೀ ಮೇಡಂ,” ಎಂದ ಗಿರಿಧರ. “ರೇಡಿಯೇಟರ್ ಅಳತಿ ತಗೊಂಡು ಹದಿನಾಕ್ ಇಂಚಿಂದು ಸೂರತ್‌ನಿಂದ ತರಿಸಿದೆ.”

“ಡುಪ್ಲಿಕೇಟ್ ಮಾಲು!” ಹಾಲಪ್ಪ ಗುಡುಗಿದರು.

“ನೀವು ಸ್ವಲ್ಪ ಸುಮ್ಮನಿರಿ. ಗಿರಿಧರ, ಎಲ್ಲಿ ಕೂರಿಸಿದೆ?”

“ರೇಡಿಯೇಟರ್ ಹಿಂದ ರೀ. ಮುಂದಿನ ಗಾಳಿ ಒಳಗ ಎಳೀಬೇಕಲ್ರೀ.”

“ಯಾವಾಗ?”

“ಆಯುಧ ಪೂಜಿಗೆ ನಾಕ್ ದಿನ ಮೊದಲ. ಆಮ್ಯಾಲೆ ಮುಟ್ಟಿಲ್ರೀ. ಪೂಜಿ ದಿನ ಸೂರತ್‌ನಾಗ ಅಕ್ಕನ ಮನ್ಯಾಗಿದ್ದೆ, ಬೇಕಾದ್ರ ಫೋನ್ ಹಚ್ಚಿ ಕೇಳ್ರಿ.”

ಗಿರಿಧರನ ಅನುಮಾನ ಬೇರೆಯೇ ಇತ್ತು. ಹಬ್ಬದ ಮರುವಾರ ಪಕ್ಕದ ಮನೆಯ ಪ್ರಶಾಂತ್ ಈ ಕಾರು ಒಯ್ದಿದ್ದ. ಅವನ ಭಾವಮೈದುನನೂ ಮೆಕ್ಯಾನಿಕ್ — ಇದೇ ಗೇಟ್ ಪಾಸಿಗೆ ಕಣ್ಣಿಟ್ಟವನು! ಅದನ್ನೂ ಬಾಯಿಬಿಟ್ಟು ಹೇಳಿದ.

“ಪ್ರಶಾಂತಗ ಬಾನೆಟ್ ತೆಗಿಯಾಕೂ ಬರೂದಿಲ್ಲ,” ಎಂದರು ರತ್ನಮ್ಮ. ಗಿರಿಧರನ ಆಸೆ ಅಲ್ಲಿಗೇ ಮುಗಿಯಿತು.

ಕಮಲಾಕ್ಷಿ ಕಾರಿನ ವೈರಿನ ಮೂಲಕವೇ ಫ್ಯಾನು ಚಾಲೂ ಮಾಡಿಸಿದರು. ಹಾಲಪ್ಪನವರ ಕೈಯಿಂದ ದೂರಿನ ಪತ್ರವನ್ನೇ ಇಸಿದುಕೊಂಡು ಗ್ರಿಲ್ಲಿನ ಮುಂದೆ ಹಿಡಿದರು. ಅದು ಗ್ರಿಲ್ಲಿಗೆ ಅಂಟಿಕೊಳ್ಳಬೇಕಿತ್ತು. ಅಂಟಲಿಲ್ಲ — ಹಾರಿ ಅಂಗಳಕ್ಕೆ ಬಿತ್ತು!

“ಉಲ್ಟಾ!” ಗಿರಿಧರ ಬೆಚ್ಚಿಬಿದ್ದ. “ಯಾರೋ ವೈರ್ ಅದಲುಬದಲು ಮಾಡ್ಯಾರ! ನಾನಲ್ರೀ, ತಾಯಿಯಾಣೆ!”

“ಮತ್ತ್ಯಾರು? ನಾನೇನು?” ಎಂದರು ಹಾಲಪ್ಪ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ!

ಕಮಲಾಕ್ಷಿ ಟಾರ್ಚ್ ಹಿಡಿದು ಬಹಳ ಹೊತ್ತು ಬಗ್ಗಿ ನೋಡಿದರು.

“ಹಾಲಪ್ಪನವರೇ, ನಿಮ್ಮ ಮನೆ ಟೂಲ್ ಪೆಟ್ಟಿಗೆಗೂ ಪೂಜೆ ಮಾಡಿದ್ರಾ?”

“ಮಾಡದ ಬಿಡತೀವೇನ್ರೀ? ಒಂದೊಂದಕ್ಕೂ ಕುಂಕುಮ ಹಚ್ಚಿ ಕಾರಿನ ಮುಂದ ಇಟ್ಟಿದ್ದೆ. ಮರುದಿನ ಒರಸಿ ಒಳಗಿಟ್ಟೆ.”

“ಆ ದಿನ ಯಾರಾದ್ರೂ ಮುಟ್ಟಿದ್ರಾ?”

“ಶಿವಶಿವಾ! ಪೂಜಿಗಿಟ್ಟ ಆಯುಧ ಮುಟ್ಟೂದೇ? ನಾನ ಮುಂದ ನಿಂತು ಕಾದೀನಿ!”

“ಹಾಗಾದ್ರೆ ಕೇಳಿ. ರೇಡಿಯೇಟರ್ ಸಂದಿಯಲ್ಲಿ ಚೆಂಡುಹೂವಿನ ಎಸಳು ಸಿಕ್ಕಿಕೊಂಡಿವೆ. ಅಂದ್ರೆ ಪೂಜೆ ಹೊತ್ತಿಗೆ ಫ್ಯಾನು ಸರಿಯಾಗೇ ಒಳಗೆ ಎಳೀತಿತ್ತು. ರತ್ನಮ್ಮ, ಗ್ರಿಲ್ಲಿಗೆ ಹಾಕಿದ ಮಾಲೆ ಏನಾಯ್ತು?”

“ಹರೀತ್ರೀ! ಎಂಜಿನ್ ಚಾಲೂ ಇಟ್ಟಿದ್ರು. ಫ್ಯಾನ್ ಬರ್‍ರಂತ ಹತ್ತಿ ಮಾಲಿ ಒಳಗ ಎಳಕೊಂಡ್ತು. ಅಪಶಕುನ ಅಂತ ನಾ ಅತ್ತೆ. ಇನ್ನೊಂದು ಮಾಲಿ ತಾ ಅಂತ ಇವರು ಒಳಗ ಕಳಿಸಿದ್ರು. ಆಮ್ಯಾಲೆ ಹಾಕಿದ್ದು ಅಲುಗಲೂ ಇಲ್ಲ. ದೇವಿ ಶಾಂತ ಆದ್ಲು ಅನಕೊಂಡೆ.”

“ದೇವಿಯಲ್ಲ, ಸ್ಕ್ರೂಡ್ರೈವರು! ಎಲ್ಲರೂ ಫ್ಯಾನಿನ ಎಲೆ ನೋಡಿದ್ರಿ, ವೈರ್ ಬಿಗಿಯೋ ಎರಡು ಪುಟ್ಟ ಸ್ಕ್ರೂ ನೋಡಲಿಲ್ಲ. ಅವುಗಳ ಸೀಳಿನೊಳಗೆ ಕುಂಕುಮ ಒತ್ತಿಕೊಂಡಿದೆ. ಸುತ್ತ ಎಲ್ಲೂ ಒಂದು ಚುಕ್ಕೆ ಇಲ್ಲ. ಗಿರಿಧರ ಕೆಲಸ ಮಾಡಿದ್ದು ಪೂಜೆಗೆ ಮೊದಲು. ಆಗ ಕುಂಕುಮ ಎಲ್ಲಿತ್ತು? ಮರುದಿನವಂತೂ ಒರೆಸಿಟ್ಟಿರಿ. ಉಳಿದದ್ದು ಪೂಜೆಯ ದಿನ. ಆ ದಿನ ಪೆಟ್ಟಿಗೆ ಕಾದವರು ನೀವೊಬ್ಬರೇ. ಎರಡನೇ ಮಾಲೆಯೂ ಹರೀಬಾರದು ಅಂತ ವೈರ್ ಅದಲುಬದಲು ಮಾಡಿ ಗಾಳಿ ಹೊರಕ್ಕೆ ತಿರುಗಿಸಿದ್ರಿ. ಟೌನ್‌ಶಿಪ್ಪಿನ ಓಡಾಟಕ್ಕೆ ಎಂಜಿನ್ ಅಷ್ಟು ಬಿಸಿಯಾಗಲಿಲ್ಲ. ಹೆದ್ದಾರಿಯಲ್ಲಿ ಎದುರುಗಾಳಿ ಕಾಪಾಡಿತು. ಬೋಪಾಲ್‌ನಲ್ಲಿ ನಿಂತಾಗ ಬೆಂದುಹೋಯ್ತು. ಹೌದೋ ಅಲ್ಲವೋ?”

ಹಾಲಪ್ಪನವರು ತಲೆ ತಗ್ಗಿಸಿದರು. “ಪೂಜಿ ಮುಗದ ಮ್ಯಾಲೆ ಮತ್ತ ಬದಲಿಸಬೇಕಂತ ಇದ್ದೆ, ಮರತೆ. ಊರಿಗೆಲ್ಲ ಶಾಸ್ತ್ರ ಹೇಳಾಂವ ನಾನು. ಆಯುಧ ಪೂಜಿ ದಿನ ನಾನ ಸ್ಕ್ರೂಡ್ರೈವರ್ ಹಿಡದೆ ಅಂತ ಯಾವ ಬಾಯಲೆ ಹೇಳ್ಲಿ?”

ಗಿರಿಧರನಿಗೆ ಸಮಾಧಾನವಾಗಬೇಕಿತ್ತು, ಸಿಟ್ಟು ಉಕ್ಕಿತು.

“ನಿಮ್ಮ ಶಾಸ್ತ್ರ ಉಳೀಲಿ ಅಂತ ನನ್ನ ಹೊಟ್ಟಿ ಮ್ಯಾಲೆ ಹೊಡಿಯಾಕ ಹೊಂಟಿದ್ರೇನ್ರೀ?”

ರತ್ನಮ್ಮ ಒಳಗಿನಿಂದ ಬಿಳಿ ಹಾಳೆ, ಪೆನ್ನು ತಂದು ಗಂಡನ ಮುಂದಿಟ್ಟರು.

“ಈಗ ಖರೇ ಬರೀರಿ. ಸಂಜೀಕ ನೀವ ಓದ್ರಿ. ನಾ ಮುಂದಿನ ಸಾಲಿನಾಗ ಕೂತು ಕೇಳ್ತೀನಿ.”