ಗುಬ್ಬಿ ದಾಟಿಸದ ಮಾತು

ಸಂಜೆ ಬೆಲ್ ಹೊಡೆದ ಮೇಲೆ ಬಡಗಿ ತರಗತಿಯೊಳಗೆ ನುಗ್ಗಿದ. ತೋಳಿನ ತುಂಬ ಮರದ ಹೊಟ್ಟು, ಕಣ್ಣಲ್ಲಿ ಕೆಂಡ. ಅವನ ಕೈ ಹಿಡಿದು ಬಂದವಳು ಅಕ್ಕನ ಮಗಳು ಗುಬ್ಬಿ.

ಅವನು ತನ್ನ ಭಾಷೆಯಲ್ಲಿ ಗುಡುಗಿದ. ಟೀಚರ್‌ಗೆ ಒಂದಕ್ಷರವೂ ತಿಳಿಯಲಿಲ್ಲ. ಎರಡೂ ಭಾಷೆ ಬರುತ್ತಿದ್ದದ್ದು ಗುಬ್ಬಿಗೆ ಮಾತ್ರ.

"ಮನೇಲಿ ನಮ್ಮ ಭಾಷೆ ಆಡಬೇಡ ಅನ್ನೋಕೆ ನೀವ್ಯಾರು ಅಂತ ಮಾವ ಕೇಳ್ತಿದ್ದಾನೆ... ನಾನು ಅವಳ ಹತ್ರ ಮಾತಾಡಲ್ಲ ಅಂತ ಅಜ್ಜಿ ಅಳ್ತಾಳೆ."

ಟೀಚರ್ ನೆನಪು ಕೆದಕಿದಳು. ನಾನು ಯಾವಾಗ ಹಾಗಂದೆ?

ಗೇಟಿನೊಳಗೆ ಒಂದೇ ಭಾಷೆ ಎನ್ನುವುದು ಹೆಡ್‌ಮೇಡಂ ಹಾಕಿದ ನಿಯಮ. ಪೋಷಕರ ಸಭೆಯಲ್ಲಿ ಟೀಚರ್ ಹೇಳಿದ್ದು, ಮಗು ತರಗತಿಯಲ್ಲಿ ತುಟಿ ಬಿಚ್ಚುವುದಿಲ್ಲ ಎಂದಷ್ಟೆ. ಆದರೆ ಅದನ್ನು ಅಮ್ಮನಿಗೆ ದಾಟಿಸಿದ್ದು ಇದೇ ಗುಬ್ಬಿ! ಹೆದರಿದ ಮಗು ಎರಡನ್ನೂ ಸೇರಿಸಿ, ಮನೆಯಲ್ಲೂ ನಮ್ಮ ಭಾಷೆ ಬೇಡ ಎಂದು ಮಾಡಿತ್ತು.

"ನಮ್ಮ ಭಾಷೆ ಬಿಟ್ರೆ ನಿಮಗೆ ಖುಷಿ ಆಗುತ್ತೆ ಅಂದ್ಕೊಂಡೆ ಟೀಚರ್," ಎಂದಳು ಗುಬ್ಬಿ, ನೆಲ ನೋಡುತ್ತಾ.

ಟೀಚರ್‌ಗೆ ತನ್ನ ಮೇಲೇ ಸಿಟ್ಟು ಬಂತು. ಮಂಡಿಯೂರಿ ಕೂತಳು.

"ತಪ್ಪು ನಂದು ಕಂದಾ. ದೊಡ್ಡವರ ಮಾತು ದೊಡ್ಡವರೇ ಹೊರಬೇಕು. ಇದೊಂದು ಮಾತ್ರ ದಾಟಿಸು, ಶನಿವಾರ ಬಂದು ನಿಮ್ಮ ಭಾಷೇಲೇ ಅಳತೆ ಪಾಠ ಮಾಡಲಿ ಅಂತ ಮಾವಂಗೆ ಹೇಳು."

ಗುಬ್ಬಿ ಹೇಳಿದ ಮೇಲೆ ಬಡಗಿಯ ಕಣ್ಣಿನ ಕೆಂಡ ಆರಿತು. ಅಲ್ಲಿ ಬೇರೇನೋ ಹತ್ತಿಕೊಂಡಿದ್ದು ಅವನಿಗೂ ಆಗ ತಿಳಿಯಲಿಲ್ಲ.

ಆಮೇಲೆ ಪ್ರತಿ ಶನಿವಾರವೂ ಅವನು ಅಳತೆ ಟೇಪು ಹಿಡಿದು ಬಂದ. ಮಕ್ಕಳು ಮುರಿದ ಬೆಂಚು ಅಳೆದರು, ಮೊಳೆ ಎಣಿಸಿದರು. ಬಾಯಿಗೆ ಬೀಗ ಹಾಕಿಕೊಂಡಿದ್ದ ಗುಬ್ಬಿ ಎರಡೂ ಭಾಷೆಯಲ್ಲಿ ಕೂಗಿ ಎಣಿಸಿದಳು. ಟೀಚರ್ ಕೂಡ ಅವನ ಮಾತು ಕಲಿತಳು... ಸುತ್ತಿಗೆ, ಶನಿವಾರ, ಸಾಕು, ಸಾಲದು, ನಾಳೆ, ಬಾ. ಅವಳ ಉಚ್ಚಾರಣೆಗೆ ಅವನು ಮುಖ ತಿರುಗಿಸಿ ನಗುತ್ತಿದ್ದ. ಆ ನಗುವಿಗಾಗಿಯೇ ಅವಳು ವಾರವಿಡೀ ಕಾಯುತ್ತಿದ್ದಳು.

ಒಂದು ಶನಿವಾರ ಹೆಡ್‌ಮೇಡಂ ಬಾಗಿಲಲ್ಲಿ ನಿಂತರು. ನಿಯಮ ಪಾಲಿಸಿ, ಇಲ್ಲವೇ ಕೆಲಸ ಬಿಡಿ ಎಂದರು.

ಟೀಚರ್ ಜಗ್ಗಲಿಲ್ಲ.

"ಕೆಲಸಾನೂ ಬಿಡಲ್ಲ ಮೇಡಂ, ಇವರ ಭಾಷೇನೂ ಬಿಡಿಸಲ್ಲ. ತೆಗೆದು ಹಾಕೋದಾದ್ರೆ ಹಾಕಿ. ಯಾಕೆ ಅಂತ ಈ ಮಕ್ಕಳ ಮುಂದೇನೇ ಹೇಳಿ."

ಆಗ ಗುಬ್ಬಿ ಎದ್ದು ನಿಂತಳು. ಟೀಚರ್ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾವನಿಗೆ ತಮ್ಮ ಭಾಷೆಯಲ್ಲಿ ಹೇಳಿದಳು. ಗೇಟಿನೊಳಗೇ, ಹೆಡ್‌ಮೇಡಂ ಮುಖ ನೋಡಿಕೊಂಡೇ!

ಹಿಂದಿನ ಬೆಂಚಿನಿಂದ ಇನ್ನೊಬ್ಬಳು ತನ್ನ ಮನೆಮಾತಿನಲ್ಲಿ ಎಣಿಸತೊಡಗಿದಳು. ಆಮೇಲೆ ಮತ್ತೊಬ್ಬಳು. ಹೆಡ್‌ಮೇಡಂ ನೋಡ್ಕೋತೀನಿ ಎಂದು ಗೊಣಗಿ ಹೊರಟರು.

ಉಳಿದ ಮಕ್ಕಳೆಲ್ಲ ಹೋದ ಮೇಲೂ ಬಡಗಿ ನಿಂತೇ ಇದ್ದ. ಬಗ್ಗಿ ಗುಬ್ಬಿಯ ಕಿವಿಯಲ್ಲಿ ಏನೋ ಹೇಳಿದ. ಅವಳು ಕೈಕಟ್ಟಿ ನಿಂತಳು.

"ಇದನ್ನ ನಾನು ಹೇಳಲ್ಲ ಟೀಚರ್. ದೊಡ್ಡವರ ಮಾತು ದೊಡ್ಡವರೇ ಹೊರಬೇಕು ಅಂದಿದ್ದು ನೀವೇ."

ಬಡಗಿಯ ಕಿವಿ ಕೆಂಪಾಯಿತು. ಟೀಚರ್ ಭಾಷೆಯಲ್ಲಿ, ತಡವರಿಸಿದ.

"ನೀವು... ನಂಗೆ ಇಷ್ಟ."

ಟೀಚರ್ ಕಣ್ಣು ತುಂಬಿ ಬಂತು. ಅವನ ಭಾಷೆಯಲ್ಲಿ ತನಗೆ ಬರುತ್ತಿದ್ದ ನಾಲ್ಕು ಮಾತನ್ನೇ ಹುಡುಕಿ ಜೋಡಿಸಿದಳು.

"ಶನಿವಾರ ಸಾಲದು. ನಾಳೆ ಬಾ."

"ನಾಳೆ ಭಾನುವಾರ, ಶಾಲೆ ಇರಲ್ಲ," ಎಂದಳು ಗುಬ್ಬಿ.

"ಗೊತ್ತು," ಎಂದರು ಇಬ್ಬರೂ ಒಟ್ಟಿಗೆ.