ಹೆಸರಿಲ್ಲದ ದೇವಕಣಗಿಲೆ

“ಕೊಂಬಿ ಬೇಕಂದ್ರ ಮುರಕೊಂಡು ಹೋಗ್ರಿ. ಹೆಸರು ಮಾತ್ರ ಇಡಬ್ಯಾಡ್ರಿ” ಎಂದಳು ಹೊಲದೊಡತಿ ಹಂಪಕ್ಕ.

ಅಮರೇಶ ನಕ್ಕುಬಿಟ್ಟ. ಕುರುಗೋಡಿನ ಬೆಟ್ಟದ ಬುಡದಲ್ಲಿ, ಕೊಯ್ಲು ಮುಗಿದ ಮೆಣಸಿನಕಾಯಿ ಹೊಲದ ಬದುವಿನ ಮೇಲೆ ಒಂದು ಮಣ್ಣಿನ ದಿಬ್ಬ. ದಿಬ್ಬದ ಮೇಲೆ ಆ ದೇವಕಣಗಿಲೆ. ಯುಗಾದಿಯ ಬಿಸಿಲಿಗೆ ಎಲೆಯೆಲ್ಲ ಉದುರಿ, ಊದಿಕೊಂಡ ಬೆರಳಿನಂಥ ಬೋಳು ಕೊಂಬೆಗಳ ತುದಿಯಲ್ಲಿ ಮಾತ್ರ ಹೂ ನಿಂತಿತ್ತು. ಅಂಚು ಬಿಳಿ, ಒಡಲು ಹೆಪ್ಪುಗಟ್ಟಿದ ರಕ್ತದ ಬಣ್ಣ. ಹತ್ತಿರ ಹೋದರೆ ಕಾಯಿಸಿ ಆರಲು ಇಟ್ಟ ಹಾಲಿನ ವಾಸನೆ.

ದೇವಕಣಗಿಲೆಯ ತಳಿ ಗುರುತಿಸುವುದರಲ್ಲಿ ಅಮರೇಶ ಎತ್ತಿದ ಕೈ. ಧಾರವಾಡದಿಂದ ಬಳ್ಳಾರಿಯ ಕಾಲೇಜಿಗೆ ಸಸ್ಯಶಾಸ್ತ್ರ ಕಲಿಸಲು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಸತ್ಯನಾರಾಯಣಪೇಟೆಯ ಬಾಡಿಗೆ ಮನೆಯ ಮಾಳಿಗೆ ತುಂಬ ಹಳೇ ಪೇಂಟ್ ಡಬ್ಬಿಗಳಲ್ಲಿ ದೇವಕಣಗಿಲೆ ಸಾಕಿದ್ದ. ಎಲೆಯ ತುದಿ ದುಂಡಗೋ ಚೂಪೋ, ಎಸಳು ಒಂದರ ಮೇಲೊಂದು ಎಷ್ಟು ಹೊದ್ದಿವೆ, ಬೆಳಗಿನ ವಾಸನೆ ಯಾವುದು, ಸಂಜೆಯದು ಯಾವುದು ಎಂದು ನೋಡಿ ಥಟ್ಟನೆ ಹೇಳಿಬಿಡುವವನು. ಈ ಗಿಡ ಅವನ ಲೆಕ್ಕಕ್ಕೆ ಸಿಗಲಿಲ್ಲ. ಕೈದೋಟದವರ ವಾಟ್ಸಾಪ್ ಗುಂಪಿನಲ್ಲಿ ಒಂದು ರೂಢಿಯಿತ್ತು: ಯಾರಿಗೂ ಗೊತ್ತಿಲ್ಲದ ತಳಿ ಸಿಕ್ಕರೆ, ಹುಡುಕಿದವರೇ ಹೆಸರಿಡಬೇಕು. ಆ ಆಸೆಗೇ ಅವನು ಇಲ್ಲಿಗೆ ಬಂದದ್ದು.

“ಇದು ಹೆಸರಿಲ್ಲದ ಗಿಡ. ಹಸದೈತಿ. ಯಾರ ಹೆಸರು ಇಟ್ರ ಆ ಹೆಸರು ತಿಂತೈತಿ” ಎಂದಳು ಮುದುಕಿ, ದಿಬ್ಬಕ್ಕೆ ಅಡ್ಡ ನಿಂತು.

“ಹಂಗಾದ್ರ ನಮ್ಮ ಪ್ರಿನ್ಸಿಪಾಲರ ಹೆಸರು ಇಡ್ತೀನಿ ಬಿಡ್ರಿ ಅಜ್ಜಿ. ಕಾಲೇಜಿಗೇ ಪುಣ್ಯ ಬರ್ತೈತಿ.”

ಹಂಪಕ್ಕ ನಗಲಿಲ್ಲ. ಯಾವ ಮನೆಯವನು ಎಂದು ಕೇಳಿದಳು. ತನ್ನ ಮೂಲವೂ ಇದೇ ಊರು, ಅಪ್ಪ ಪ್ರಾಯದಲ್ಲೇ ಹೊಲ ಮಾರಿ ಧಾರವಾಡ ಸೇರಿದವರು ಎಂದು ಅಮರೇಶ ಹೆಮ್ಮೆಯಿಂದಲೇ ಅಪ್ಪನ ಹೆಸರು ಹೇಳಿದ.

ಮುದುಕಿ ಅವನ ಮುಖವನ್ನೇ ನೋಡಿದಳು. ಮೂಗು, ಹುಬ್ಬು, ಗದ್ದ. ಆಮೇಲೆ ದಾರಿ ಬಿಟ್ಟಳು. ಬಿಟ್ಟದ್ದಷ್ಟೇ ಅಲ್ಲ, ತಾನೇ ಕುಡುಗೋಲು ಹಿಡಿದು ದಿಬ್ಬ ಹತ್ತಿ, ಎಲ್ಲಕ್ಕಿಂತ ದಪ್ಪನೆಯ ಕೊಂಬೆ ಕಡಿದಳು. ಬಿಳಿಯ ಹಾಲು ಮೊಣಕೈವರೆಗೆ ಇಳಿಯಿತು. ಒರೆಸಿಕೊಳ್ಳಲಿಲ್ಲ.

“ಒಯ್ಯಿ” ಎಂದಳು. “ನಿನಗ ಬ್ಯಾಡ ಅನ್ನಾಕ ನಾ ಯಾರು?”

ಹೆಸರಿಡಬೇಡ ಎಂಬ ಎಚ್ಚರಿಕೆಯನ್ನು ಮುದುಕಿ ಹಿಂದಕ್ಕೆ ಪಡೆದಳೆಂಬುದು ಆ ಪಂಡಿತನಿಗೆ ಹೊಳೆಯಲೇ ಇಲ್ಲ.

ದೇವಕಣಗಿಲೆಯ ಕೊಂಬೆಯನ್ನು ಕಡಿದ ಕೂಡಲೇ ನೆಡಬಾರದು, ಹಾಲು ಒಣಗಿ ಗಾಯ ಕಟ್ಟುವವರೆಗೆ ನೆರಳಲ್ಲಿ ತೂಗುಹಾಕಬೇಕು. ಅಮರೇಶ ಅದನ್ನು ಮಾಳಿಗೆಯ ತಗಡಿನ ಕೆಳಗೆ ಕಟ್ಟಿದ. ವಾರ ಕಳೆದರೂ ಹಾಲು ನಿಲ್ಲಲಿಲ್ಲ. ಟಪ್. ಟಪ್. ಮಗನ ಜೊತೆಗೇ ಬಳ್ಳಾರಿಗೆ ಬಂದು ಕೆಳಗೆ ಮಲಗುತ್ತಿದ್ದ ಅಪ್ಪನಿಗೆ ಆ ಸದ್ದು ಕೇಳಿಸುತ್ತಿತ್ತು.

ಅಪ್ಪನನ್ನು ಮನೆಯಲ್ಲಿ ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗ, ಮಾತಿಗೊಂದು ವಚನ. ಕುರುಗೋಡಿಗೆ ಹೋಗಿದ್ದೆ ಎಂದು ಮಗ ಹೇಳಿದ ದಿನ ರೊಟ್ಟಿ ಮುರಿದ ಕೈ ಅಲ್ಲೇ ನಿಂತಿತ್ತು. ಆ ಕೊಂಬೆ ಬಿಸಾಕು ಎಂದರು. ಏಕೆಂದು ಹೇಳಲಿಲ್ಲ. ವಯಸ್ಸಾದ ಮೇಲೆ ಎಲ್ಲರಿಗೂ ಗಿಡದಲ್ಲಿ ದೆವ್ವ ಕಾಣುತ್ತದೆ ಎಂದು ಅಮರೇಶ ಹೆಂಡತಿ ಶೈಲಜಾಳ ಮುಂದೆ ನಕ್ಕ.

ನೆಟ್ಟ ಕೊಂಬೆ ಆಷಾಢದ ಗಾಳಿಯಲ್ಲೇ ಮೊಗ್ಗು ಬಿಟ್ಟಿತು. ತಾಯಿಗಿಡದ್ದೇ ಬಣ್ಣ, ಅದೇ ವಾಸನೆ. ಆಗುವುದೂ ಹಾಗೆಯೇ. ಬೀಜದಿಂದ ಹುಟ್ಟಿದ್ದು ತಾಯಿಯ ಮಗು, ಕೊಂಬೆಯಿಂದ ಬೆಳೆದದ್ದು ಮಗುವಲ್ಲ, ಅದೇ ತಾಯಿ ಎಂದು ಅವನೇ ಹುಡುಗರಿಗೆ ಪಾಠ ಹೇಳುತ್ತಿದ್ದ. ಗುಂಪಿನಲ್ಲಿ ಚಿತ್ರ ಹಾಕಿದ. ಯಾರಿಗೂ ಗುರುತು ಸಿಗಲಿಲ್ಲ. ಸರಿ, ಹೆಸರಿಡಿ ಸರ್ ಎಂದರು.

ಎರಡನೇ ತರಗತಿಯ ಮಗಳು ಪಕ್ಕದಲ್ಲೇ ಕುಣಿಯುತ್ತಿದ್ದಳು. ಅಮರೇಶ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಮೊಳೆಯಿಂದ ಅವಳ ಹೆಸರು ಕೊರೆದು ಕೊಂಬೆಗೆ ಕಟ್ಟಿದ. ಅನುಷಾ.

ಮರುದಿನ ಹಾಜರಿ ಕೂಗುವಾಗ ಟೀಚರ್ ಅವಳನ್ನು ಬಿಟ್ಟರು. ಕಣ್ತಪ್ಪು ಎಂದುಕೊಂಡರು ಎಲ್ಲರೂ. ಬಳಿಕ ಎದುರುಮನೆಯ ಸುಧಾರಾಣಿ, ದಿನಾ ಮುದ್ದು ಮಾಡುವವಳು, ಯಾರ ಹುಡುಗಿ ಇದು, ಹೊಸಬಳೇನು ಎಂದು ಕೇಳಿದಳು. ಶೈಲಜಾ ಊಟಕ್ಕೆ ಕರೆಯಲು ಬಾಯಿ ತೆರೆದು, ಹಾಗೇ ನಿಂತು, ಏ ಹುಡುಗಿ ಎಂದಳು. ಒಂದು ಸಂಜೆ ಎರಡೇ ತಟ್ಟೆ ಹಾಕಿದಳು, ಗಂಡನಿಗೊಂದು, ಮಾವನಿಗೊಂದು. ಬಾಗಿಲಲ್ಲಿ ನಿಂತ ಮಗಳನ್ನು ನೋಡಿ, ಕತ್ತಲಾಯಿತು, ನಿಮ್ಮ ಮನೆಗೆ ಹೋಗಮ್ಮ ಎಂದಳು, ಬಹಳ ಪ್ರೀತಿಯಿಂದಲೇ.

ಮಗು ಅಳಲಿಲ್ಲ. ಅಮರೇಶ ಅವಳ ಭುಜ ಹಿಡಿದ. ನಿನ್ನ ಹೆಸರು ಹೇಳು ಎಂದು ಅಲುಗಿಸಿದ. ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ, ಆರಿದ ಹಾಲಿನ ವಾಸನೆ ಬಂತು.

ಮಾಳಿಗೆಗೆ ಓಡಿ ಪಟ್ಟಿ ಕಿತ್ತೆಸೆದ. ಪಟ್ಟಿಯ ಅಡಿಯಲ್ಲಿ ತೊಗಟೆಯ ಮೇಲೇ ಅಕ್ಷರಗಳಿದ್ದವು. ಅನುಷಾ. ಹಸಿ ಗಾಯದಂತೆ, ಅಂಚಿನಲ್ಲಿ ಹಾಲು ಒಸರುತ್ತ. ಒಂದು ಗಳಿಗೆ ಅವನಿಗೆ ಅದು ಬರೀ ಹೂವಿನ ಹೆಸರಾಗಿ ಕಂಡಿತು. ಅಷ್ಟೇ ಸಾಕಾಯಿತು ಅವನ ವಿಜ್ಞಾನ ಕಾಲಿಗೆ ಬುದ್ಧಿ ಹೇಳಲು. ಬೆಳಗಾಗುತ್ತಲೇ ಕುರುಗೋಡಿನಲ್ಲಿದ್ದ.

ಹಂಪಕ್ಕ ಅವನಿಗಾಗಿಯೇ ಕಾಯುತ್ತಿದ್ದವಳಂತೆ ದಿಬ್ಬದ ಬಳಿ ಕೂತಿದ್ದಳು. ಏನೂ ಮುಚ್ಚಿಡದೆ ಹೇಳಿದಳು. ಈ ಮಣ್ಣಿನಡಿ ಇರುವುದು ಅವಳ ಸೊಸೆ. ಯಜಮಾನರ ಒಡಹುಟ್ಟಿದ ತಂಗಿ. ತಮ್ಮ ಜಾತಿಯವನಲ್ಲದ, ಹಂಪಕ್ಕನ ಮಗ ಹೊನ್ನೂರಪ್ಪನನ್ನು ಮೆಚ್ಚಿ ಮದುವೆಯಾದವಳು. ವರ್ಷದ ಮೇಲೆ ಅಣ್ಣ ನಗುತ್ತ ಬಂದ, ಸಿಟ್ಟೆಲ್ಲ ಇಳಿದಿದೆ, ನಾಗರ ಪಂಚಮಿಗೆ ತವರಿಗೆ ಬಾ ಎಂದ. ತವರಿಂದ ಕರೆ ಬಂದಿತೆಂದು ಹುಡುಗಿ ಹಿಗ್ಗಿ, ಹೊಸ ಬಳೆ ತೊಟ್ಟು ಹೋದಳು. ಜೋಕಾಲಿ ಆಡಿಸಿದ. ಹಾಲು ಕುಡಿಸಿದ. ತನ್ನ ಕೈಯಾರೆ ವಿಷ ಬೆರೆಸಿದ ಹಾಲು. ಹೆಣವನ್ನು ಗಾಡಿಯಲ್ಲಿ ತಂದು ಈ ಬದುವಿನ ಮೇಲೆ ಇಳಿಸಿ ಹೋದರು. ಆ ಮನೆಯಲ್ಲಿ ಅವಳ ಹೆಸರನ್ನು ಯಾರೂ ಎತ್ತಬಾರದೆಂದು ಲಿಂಗ ಮುಟ್ಟಿ ಆಣೆ ಹಾಕಿಕೊಂಡರು. ಹುಟ್ಟೇ ಇರಲಿಲ್ಲ ಎಂಬಂತೆ ಅಳಿಸಿಬಿಟ್ಟರು. ಹೊನ್ನೂರಪ್ಪ ಊರು ಬಿಟ್ಟವನು ಮತ್ತೆ ಬರಲಿಲ್ಲ.

ಯಜಮಾನರು ಎಂಬ ಗೌರವ ಇಲ್ಲಿಗೆ ಸಾಕು. ಕತೆ ಹೇಳುತ್ತಿರುವ ನನ್ನ ಬಾಯಿಂದ ಅದು ಇನ್ನು ಬರುವುದಿಲ್ಲ.

“ಮಾಟ ಮಾಡಿಸಿದಾಕಿ ನಾನ” ಎಂದಳು ಹಂಪಕ್ಕ. ಅಮಾವಾಸ್ಯೆಗೆ ಕೆಂಚನಗುಡ್ಡದ ಹೊಳೆದಂಡೆಯಲ್ಲಿ ಕೂತು, ಸೊಸೆಯ ಬಳೆಚೂರು, ಕೂದಲು ಇಟ್ಟು ಈ ಗಿಡಕ್ಕೆ ಕಟ್ಟಿಸಿದ ಮಾಟ. ಸೊಸೆಯ ಹೆಸರನ್ನೂ ಅದಕ್ಕೇ ಕೊಟ್ಟಳು. ಈಗ ಆ ಹೆಸರು ಅವಳ ನೆನಪಿನಲ್ಲೂ ಇಲ್ಲ, ಕೊಂದವನ ನೆನಪಿನಲ್ಲಿ ಮಾತ್ರ ಉಳಿದಿದೆ. ಹೆಸರು ಅಳಿಸಿದವರ ಮನೆಯಿಂದ ಒಂದು ಹೆಸರು ಅಳಿಯುವವರೆಗೆ ಗಿಡಕ್ಕೆ ಹಸಿವು ತೀರದು.

ನನ್ನ ಮಗಳೇನು ತಪ್ಪು ಮಾಡಿದ್ದಾಳೆ ಎಂದು ಅಮರೇಶ ಅತ್ತ.

“ನನ್ನ ಸೊಸಿ ಏನ್ ಮಾಡಿದ್ಲು?”

ಅಮರೇಶ ಅವಳ ಕಾಲು ಹಿಡಿದ. ಆಗ ಮುದುಕಿಯೇ ದಾರಿ ಹೇಳಿದಳು. ಕರೆದೊಯ್ದವನೇ ಕರೆಯಬೇಕು. ಅವನ ಬಾಯಿಂದ ಅವಳ ಹೆಸರು ಬಂದರೆ ಗಿಡ ಮಗುವಿನ ಹೆಸರನ್ನು ಉಗುಳುತ್ತದೆ, ಬದಲಿಗೆ ಕರೆದವನ ಹೆಸರನ್ನು ನುಂಗುತ್ತದೆ. ನಾಳೆ ಪಂಚಮಿ. ದೀಪ ಹಚ್ಚುವ ಹೊತ್ತು ದಾಟಿದರೆ ಹೆಸರು ಕಟ್ಟಿದ ಅಮರೇಶನೂ ಮರೆಯುತ್ತಾನೆ. ಆಮೇಲೆ ಮಗಳು ಇರುವುದಿಲ್ಲ.

ಬೆಲೆ ಏನೆಂದು ತಿಳಿದೇ ಅಮರೇಶ ಮನೆಗೆ ಬಂದ. ಅಪ್ಪನಿಗೆ ಕರೆಯಬೇಕೆಂದು ಮಾತ್ರ ಹೇಳಿದ, ಬೆಲೆಯನ್ನು ಹೇಳಲಿಲ್ಲ. ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ.

ಮುದುಕ ಬಗ್ಗಲಿಲ್ಲ. ಪಂಚಮಿಯ ಸಂಜೆಯವರೆಗೆ ಒಂದೇ ಮಾತು: “ಆ ಹೆಸರು ನಮ್ಮ ಮನಿಯಾಗ ಇಲ್ಲ.” ಕೊನೆಗೆ ಕೊಡಲಿ ಹಿಡಿದು ಮಾಳಿಗೆ ಹತ್ತಿದ, ಬುಡಸಮೇತ ಕಡಿದು ಹಾಕುತ್ತೇನೆಂದು.

ಮಗು ಡಬ್ಬಿಯ ಪಕ್ಕ ನಿಂತಿತ್ತು. ಬೆಳಕು ಕಂದುತ್ತಿತ್ತು. ಗಾಳಿ ನಿಂತಿತ್ತು. ಹಾಲಿನ ವಾಸನೆ ಉಸಿರುಕಟ್ಟುವಷ್ಟು ದಟ್ಟವಾಗಿತ್ತು.

ಕೊಡಲಿ ಕೊಂಬೆಯ ಮೇಲೆ ಬಿತ್ತು. ಮಗು ಚೀರಿತು. ಅವಳ ಮೊಣಕೈ ಸೀಳಿತ್ತು. ರಕ್ತ ಬರಲಿಲ್ಲ. ಬಿಳಿಯ ಹಾಲು ಬಂತು. ಟಪ್. ಟಪ್.

ಅಮರೇಶ ಕೊಡಲಿ ಕಸಿದೆಸೆದ. ಮಗಳನ್ನು ಅಪ್ಪಿದ. ಕರೆಯಬೇಕೆಂದು ಬಾಯಿ ತೆರೆದ. ಏನೆಂದು ಕರೆಯುವುದು? ‘ಅ’ ಎಂದು ಶುರು. ಆಮೇಲೆ? ಕೆಳಗೆ ಬೀದಿಯಲ್ಲಿ ಒಂದು ದೀಪ ಹತ್ತಿತು. ಇನ್ನೊಂದು. ಯಾರಿದು ತೋಳಲ್ಲಿ? ಯಾರ ಮಗು?

“ಕರೀರಿ, ಅಪ್ಪಾ.”

ಕೊಂಬೆಯ ತುದಿಗಳೆಲ್ಲ ಮುದುಕನತ್ತ ಬಾಗಿದ್ದವು. ಗಾಳಿಯಿಲ್ಲದೆ. ಎಲ್ಲೋ ಜೋಕಾಲಿಯ ಹಗ್ಗ ಕಿರುಗುಟ್ಟಿತು. ಬಳೆ ಸದ್ದಾಯಿತು. ಮುದುಕ ಮೂಲೆಗೆ ಸರಿದು ಮಂಡಿಯೂರಿದ. ಪ್ರೀತಿಯಿಂದಲ್ಲ, ಭಯದಿಂದ, ಬರೀ ಭಯದಿಂದ ಬಾಯಿ ತೆರೆದ.

“ಗುರುಬಸವ್ವಾ… ಪಂಚಮಿಗಿ ಕರಿಯಾಕ ಬಂದೀನಿ. ಬಾರವ್ವ.”

ಹೂಗಳೆಲ್ಲ ಒಮ್ಮೆಲೇ ಉದುರಿದವು.

“ಅಪ್ಪಾ, ಕೈ ಉರೀತೈತಿ” ಎಂದಳು ಅನುಷಾ. ಅಮರೇಶ ಅವಳ ಹೆಸರನ್ನು ಕೂಗಿದ, ಮತ್ತೆ ಕೂಗಿದ, ಗಂಟಲು ಹರಿಯುವಂತೆ ಕೂಗಿದ. ಶೈಲಜಾ ಮಗಳ ಹೆಸರು ಕರೆಯುತ್ತ ಮೆಟ್ಟಿಲು ಹತ್ತಿ ಓಡಿಬಂದಳು. ಗಾಯದಿಂದ ಈಗ ಕೆಂಪು ರಕ್ತ ಹರಿಯುತ್ತಿತ್ತು. ಅದನ್ನು ನೋಡಿ ಇಬ್ಬರೂ ನಕ್ಕರು.

ಆಮೇಲೆ ಶೈಲಜಾಳ ಕಣ್ಣು ಮೂಲೆಗೆ ಹೋಯಿತು. “ಇವ್ರು ಯಾರ್ರಿ?”

ಅಮರೇಶ ನೋಡಿದ. ವಿಭೂತಿ ಹಚ್ಚಿದ ಒಬ್ಬ ಮುದುಕ ಮಂಡಿಯೂರಿ ಕೂತಿದ್ದ. ಎಲ್ಲೋ ನೋಡಿದ ಮುಖ ಅನ್ನಿಸಿತು. ಪಾಪ, ದಾರಿ ತಪ್ಪಿ ಬಂದಿರಬೇಕು. ನಿಮ್ಮ ಹೆಸರೇನ್ರಿ ಎಂದು ಕೇಳಿದ. ಮುದುಕ ಬಾಯಿ ತೆರೆದ, ಮುಚ್ಚಿದ. ಅಮರೇಶ ಅವನಿಗೆ ಚಹಾ ಕುಡಿಸಿ, ಕೈಹಿಡಿದು ಮೆಟ್ಟಿಲು ಇಳಿಸಿ, ಬಾಗಿಲ ಹೊರಗೆ ಬಿಟ್ಟು ಬಂದ.

ನೀವು ಗಮನಿಸಿರಬಹುದು, ಈ ಕತೆಯಲ್ಲಿ ಅವನಿಗೆ ಹೆಸರಿಲ್ಲ. ಹೇಳಬಾರದೆಂದಲ್ಲ. ಹುಡುಕಿದೆ, ಎಲ್ಲೂ ಇಲ್ಲ.

ಮುದುಕ ಬಸ್ಸು ಹಿಡಿದನೋ ನಡೆದನೋ, ಬೆಳಿಗ್ಗೆ ಕುರುಗೋಡಿನ ಆ ದಿಬ್ಬದ ಬಳಿಗೆ ಬಂದು ಕೂತ. ಬೇರೆಲ್ಲಿ ಹೋಗಬೇಕೆಂದು ಅವನಿಗೆ ತಿಳಿದಿರಲಿಲ್ಲ. ಹೆಸರು ಹೋಗಿತ್ತು, ಮಾಡಿದ್ದು ಮಾತ್ರ ಹೋಗಿರಲಿಲ್ಲ. ಗಿಡದ ಹಾಲು ಒಣಗಿತ್ತು. ಮಾಟ ಮಾಡಿಸಿದ ಹಂಪಕ್ಕ ಅವನನ್ನು ಮರೆತಿರಲಿಲ್ಲ. ಹೊಲದ ಗುಡಿಸಲಿನಿಂದ ಒಂದು ಲೋಟ ಹಾಲು ತಂದು ಅವನ ಮುಂದಿಟ್ಟಳು.

“ಗುರುಬಸವ್ವನ ಮನಿಗಿ ಬಂದೀಯಪ್ಪ” ಎಂದಳು, ಮರಳಿ ನೆನಪಿಗೆ ಬಂದ ಹೆಸರನ್ನು ಒತ್ತಿ. “ಬರೇ ಬಾಯಿಲೆ ಹೋಗಬಾರದು. ಕುಡಿ.”

ಮುದುಕ ಲೋಟವನ್ನು ನೋಡಿದ, ಅವಳನ್ನು ನೋಡಿದ. ಅವಳು ಎದುರಿಗೇ ಕೂತಳು. ಬಿಸಿಲು ಏರಿತು. ಬಾಯಾರಿಕೆಯೂ ಏರಿತು. ಕೊನೆಗೆ ಅವನು ಕೈ ಚಾಚಿ ಲೋಟ ಎತ್ತಿಕೊಂಡು ಕುಡಿದ.